ಕತೆ ವಾಪಸ್ ಬಂದಾಗ: ಕಾಸರಗೋಡಿನ ಕನ್ನಡ ಬರಹಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಗಡಿಯೊಳಗೆ, ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಕನ್ನಡದಲ್ಲಿ ಬರೆಯುವವರು ತುಂಬ ಮಂದಿ ಇದ್ದಾರೆ. ಬರೆದದ್ದು ಹೋಗಿ ತಲುಪಬೇಕಾದ ಮೇಜು ಮಾತ್ರ ಹೆಚ್ಚಾಗಿ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಬೆಂಗಳೂರಿನಲ್ಲಿರುತ್ತದೆ. ಅಲ್ಲಿಂದ ಬರಹ ವಾಪಸ್ ಬಂದಾಗ, ಅಥವಾ ಏನೂ ಬಾರದೆ ಇದ್ದಾಗ, ಎದ್ದ ಪ್ರಶ್ನೆಗಳು ಇಲ್ಲಿವೆ.

ಕತೆ ಕಳಿಸಿ ಎರಡು ತಿಂಗಳಾಯಿತು, ಉತ್ತರವೇ ಇಲ್ಲ. ಇದು ತಿರಸ್ಕಾರವೇ?

ಇನ್ನೂ ಅಲ್ಲ. ಕನ್ನಡ ಪತ್ರಿಕೆಗಳಲ್ಲಿ ವಿಷಾದಪತ್ರ ಬರುವುದು ಈಗ ಅಪರೂಪ. ಹೆಚ್ಚಿನ ಕಡೆ ಮೌನವೇ ಉತ್ತರ. ಹಾಗಾಗಿ ಕಾಯುವ ಅವಧಿಯನ್ನು ನೀವೇ ಗೊತ್ತುಮಾಡಿಕೊಳ್ಳಬೇಕು. ಪತ್ರಿಕೆ ತನ್ನ ಸೂಚನೆಯಲ್ಲಿ ಅವಧಿ ಹೇಳಿದ್ದರೆ ಅದೇ ಲೆಕ್ಕ. ಹೇಳದಿದ್ದರೆ ಕವನಕ್ಕೆ 2 ತಿಂಗಳು, ಕತೆ ಮತ್ತು ಪ್ರಬಂಧಕ್ಕೆ 3 ತಿಂಗಳು, ಪುಸ್ತಕದ ಹಸ್ತಪ್ರತಿಗೆ 6 ತಿಂಗಳು ಕಾಯಿರಿ. ಸ್ಪರ್ಧೆಗೆ ಕಳಿಸಿದ್ದಾದರೆ ಫಲಿತಾಂಶ ಪ್ರಕಟವಾಗುವವರೆಗೆ ಅದನ್ನು ಮುಟ್ಟಬಾರದು.

ಅವಧಿ ಮುಗಿದ ಮೇಲೆ ಒಂದೇ ಒಂದು ಜ್ಞಾಪನೆ ಕಳಿಸಿ. ಇಷ್ಟು ಸಾಕು: ‘ಮಾನ್ಯರೆ, ಜೂನ್ 3ರಂದು ಕಳುಹಿಸಿದ ನನ್ನ ಕತೆಯ (1,850 ಪದ) ಪರಿಶೀಲನೆ ಮುಗಿದಿದೆಯೇ ಎಂದು ತಿಳಿಸಿದರೆ ಉಪಕಾರ. ಇನ್ನು 15 ದಿನಗಳಲ್ಲಿ ತಮ್ಮಿಂದ ಸೂಚನೆ ಬಾರದಿದ್ದರೆ ಕತೆಯನ್ನು ಹಿಂಪಡೆದು ಬೇರೆಡೆಗೆ ಕಳುಹಿಸುತ್ತೇನೆ.’ ಇದರಲ್ಲಿ ದೂರೂ ಇಲ್ಲ, ಅಂಗಲಾಚುವುದೂ ಇಲ್ಲ. ಆ 15 ದಿನ ಕಳೆದ ಮೇಲೆ ಕತೆ ಮತ್ತೆ ನಿಮ್ಮದು.

ಜಾಗದ ಲೆಕ್ಕವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಭಾನುವಾರದ ಪುರವಣಿ ವಾರಕ್ಕೊಂದು ಕತೆ ಹಾಕಿದರೆ ವರ್ಷಕ್ಕೆ 52. ಮಾಸಿಕವೊಂದು ತಿಂಗಳಿಗೆ 4 ಹಾಕಿದರೆ 48. ಅದರಲ್ಲಿ ಕೆಲವು ಕೇಳಿ ಬರೆಸಿದವು, ಕೆಲವು ಸ್ಪರ್ಧೆಯಲ್ಲಿ ಗೆದ್ದವು. ಉಳಿದ ಜಾಗಕ್ಕೆ ಬೀದರಿನಿಂದ ಕಾಸರಗೋಡಿನವರೆಗೆ ಎಲ್ಲರೂ ಕಳಿಸುತ್ತಾರೆ. ಚೆನ್ನಾಗಿರುವ ಕತೆಯೂ ವಾಪಸ್ ಬರುವುದು ಇದರಿಂದಲೇ.

ವಾಪಸ್ ಬಂದ ದಿನ ಏನು ಮಾಡಬೇಕು?

ಕತೆಯನ್ನು ಮುಟ್ಟಬೇಡಿ. ಸಂಪಾದಕರಿಗೆ ಮರುತ್ತರ ಬರೆಯಬೇಡಿ. ಸಾಹಿತ್ಯದ ವಾಟ್ಸ್ಆಪ್ ಗುಂಪಿನಲ್ಲಿ ಪತ್ರಿಕೆಯ ಹೆಸರೆತ್ತಿ ಏನನ್ನೂ ಹಾಕಬೇಡಿ. ಅದೇ ಗುಂಪಿನಲ್ಲಿ ಉಪಸಂಪಾದಕರೂ ಇರುತ್ತಾರೆ, ಇಲ್ಲದಿದ್ದರೆ ಚಿತ್ರ ತೆಗೆದು ಅವರಿಗೆ ದಾಟಿಸುವವರು ಇರುತ್ತಾರೆ. ನಿಮ್ಮ ದಾಖಲೆ ಪುಸ್ತಕದಲ್ಲಿ ತಾರೀಕು ಬರೆದು ಮುಚ್ಚಿ.

ನೋವನ್ನು ನುಂಗಬೇಕೆಂದೇನೂ ಇಲ್ಲ. ತಿಂಗಳುಗಟ್ಟಲೆ ಕೂತು ಬರೆದದ್ದು ಬೇಡವಾದಾಗ ಬೇಸರವಾಗುವುದು ಸಹಜ. ಅದಕ್ಕೆ ಪರೀಕ್ಷಿಸಿ ನೋಡಿದ ಒಂದು ಉಪಾಯವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ರೂಪಿಸಿದ ಕ್ರಮ ಇದು: ದಿನಕ್ಕೆ 15ರಿಂದ 20 ನಿಮಿಷ, ಸತತ 3-4 ದಿನ, ಮನಸ್ಸಿಗೆ ನೋವಾದದ್ದರ ಬಗ್ಗೆ ನಿಲ್ಲಿಸದೆ ಬರೆಯುವುದು. ಕಾಗುಣಿತ ನೋಡಬಾರದು, ಯಾರಿಗೂ ತೋರಿಸಬಾರದು, ಬೇಕಿದ್ದರೆ ಕೊನೆಗೆ ಹರಿದು ಹಾಕಬಹುದು. ಬರೆದ ಕೂಡಲೇ ಮನಸ್ಸು ಇನ್ನೂ ಭಾರವಾಗುವುದುಂಟು. ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಅದು ಇಳಿಯುತ್ತದೆ.

ನಾಲ್ಕನೆಯ ದಿನ ಕತೆಯನ್ನು ಮುದ್ರಿಸಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು ಗಟ್ಟಿಯಾಗಿ ಓದಿ. ಯಕ್ಷಗಾನದ ಅರ್ಥಗಾರಿಕೆಯ ಮಾತು ಕೇಳಿ ಬೆಳೆದ ಕಿವಿ ನಮ್ಮದು. ಮಾತು ಎಲ್ಲಿ ಸಡಿಲವಾಯಿತು ಎಂಬುದು ಕಣ್ಣಿಗಿಂತ ಮೊದಲು ಆ ಕಿವಿಗೆ ಗೊತ್ತಾಗುತ್ತದೆ. ನಾಲಗೆ ತಡವರಿಸಿದಲ್ಲಿ ಒಂದು ಗೆರೆ, ನಿಮಗೇ ಬೇಜಾರಾದಲ್ಲಿ ಎರಡು ಗೆರೆ ಹಾಕುತ್ತ ಹೋಗಿ. ಓದುತ್ತಿರುವಾಗ ತಿದ್ದಲು ನಿಲ್ಲಬೇಡಿ.

ಸಂಪಾದಕರು ಎರಡು ಸಾಲು ಬರೆದಿದ್ದಾರೆ. ಅದನ್ನು ಹೇಗೆ ಅರ್ಥಮಾಡಿಕೊಳ್ಳುವುದು?

‘ಸ್ಥಳಾಭಾವದಿಂದ ಪ್ರಕಟಿಸಲಾಗುತ್ತಿಲ್ಲ’ ಎಂಬುದು ಮರ್ಯಾದೆಯ ಮಾತು. ಅದರಲ್ಲಿ ಹುಡುಕುವಂಥದ್ದು ಏನೂ ಇಲ್ಲ. ‘ಉದ್ದವಾಯಿತು’ ಎಂದಿದ್ದರೆ ಅಕ್ಷರಶಃ ನಂಬಿ. ಪುಟದ ಅಳತೆ ಅವರಿಗೆ ಗೊತ್ತು. ‘ಪಾತ್ರ ಗಟ್ಟಿಯಾಗಿಲ್ಲ’ ಎಂಬಂಥ ಮಾತು ಅರ್ಧ ನಿಜ: ಎಲ್ಲೋ ಓದು ಕೈಕೊಟ್ಟದ್ದು ಹೌದು, ಆದರೆ ಕಾರಣ ಅವರು ಹೇಳಿದ್ದೇ ಆಗಿರಬೇಕೆಂದಿಲ್ಲ. ಗಟ್ಟಿ ಓದಿನಲ್ಲಿ ನೀವು ಹಾಕಿದ ಎರಡು ಗೆರೆಗಳ ಜಾಗ ನೋಡಿ, ಹೆಚ್ಚಾಗಿ ದೋಷ ಅಲ್ಲೇ ಇರುತ್ತದೆ.

‘ಬೇರೆ ಏನಾದರೂ ಇದ್ದರೆ ಕಳಿಸಿ’ ಎಂಬ ಸಾಲು ಬಂದರೆ ಅದು ತಿರಸ್ಕಾರವಲ್ಲ, ಆಹ್ವಾನ. ದಿನಕ್ಕೆ ಹತ್ತಾರು ಬರಹ ನೋಡುವವರು ಸುಮ್ಮನೆ ಆ ಸಾಲು ಬರೆಯುವುದಿಲ್ಲ. ಒಂದು ತಿಂಗಳೊಳಗೆ ಬೇರೊಂದು ಬರಹ ಕಳಿಸಿ, ಮೊದಲ ಸಾಲಿನಲ್ಲೇ ಅವರ ಪತ್ರದ ತಾರೀಕು ನೆನಪಿಸಿ. ಅದೇ ಕತೆಯನ್ನು ತಿದ್ದಿ ಮತ್ತೆ ಕಳಿಸುವುದು ಅವರು ಕೇಳಿದರೆ ಮಾತ್ರ.

ನಾವು ಕೇರಳದವರು ಎಂಬ ಕಾರಣಕ್ಕೆ ಬಿಟ್ಟರೇ?

ಇಲ್ಲಿ ಎರಡು ಸಂಗತಿಗಳಿವೆ, ಬೇರೆಬೇರೆಯಾಗಿ ನೋಡಬೇಕು. ಒಂದು, ನಿಯಮದಿಂದಲೇ ಹೊರಗುಳಿಯುವುದು. ಕೆಲವು ಸ್ಪರ್ಧೆ, ಪ್ರಶಸ್ತಿ, ಪ್ರೋತ್ಸಾಹಧನಗಳ ಪ್ರಕಟಣೆಯಲ್ಲಿ ‘ಕರ್ನಾಟಕದಲ್ಲಿ ವಾಸವಾಗಿರುವ’ ಎಂಬ ಷರತ್ತು ಇರುತ್ತದೆ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಿಗಾಗಿ ಎಳೆದ ಗೆರೆಯಿಂದ ಈಚೆ, ಕೇರಳದಲ್ಲಿ, ಇರುವ ನಮಗೆ ಆ ಒಂದು ಪದ ಬಾಗಿಲು ಮುಚ್ಚುತ್ತದೆ. ಇದು ನಿಜವಾದ ಅನ್ಯಾಯ, ಅದರ ಬಗ್ಗೆ ಸಿಟ್ಟು ಬರುವುದೂ ನ್ಯಾಯವೇ. ಆದ್ದರಿಂದ ಪ್ರಕಟಣೆ ಓದುವಾಗ ಬಹುಮಾನದ ಮೊತ್ತಕ್ಕಿಂತ ಮೊದಲು ‘ಅರ್ಹತೆ’ ಎಂಬ ಭಾಗ ಓದಿ. ಸ್ಪಷ್ಟವಿಲ್ಲದಿದ್ದರೆ ‘ಗಡಿನಾಡು ಮತ್ತು ಹೊರನಾಡ ಕನ್ನಡಿಗರು ಅರ್ಹರೇ?’ ಎಂದು ಇಮೇಲಿನಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಷರತ್ತು ತಪ್ಪೆನಿಸಿದರೆ ಕನ್ನಡ ಸಾಹಿತ್ಯ ಪರಿಷತ್ತಿನ ಕೇರಳ ಗಡಿನಾಡ ಘಟಕದ ಗಮನಕ್ಕೆ ಬರಹದಲ್ಲಿ ತನ್ನಿ. ಒಬ್ಬರು ಕೇಳಿದರೆ ವಿಚಾರಣೆ, ಹತ್ತು ಮಂದಿ ಕೇಳಿದರೆ ಮನವಿ.

ಎರಡು, ಪತ್ರಿಕೆಯ ಮಾಮೂಲಿ ಆಯ್ಕೆ. ಇಲ್ಲಿ ಪಿನ್‌ಕೋಡ್ ಮೇಲೆ ದೂರು ಹಾಕುವ ಮೊದಲು ನಮ್ಮ ಮೊದಲ ಪುಟವನ್ನು ನೋಡಬೇಕು. ಮಂಜೇಶ್ವರದ ಗೋವಿಂದ ಪೈಯವರು 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆನಿಸಿದರು. ಕಾರಡ್ಕದಲ್ಲಿ ಹುಟ್ಟಿದ ಕೆ.ವಿ. ತಿರುಮಲೇಶರಿಗೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಚಂದ್ರಗಿರಿಯ ಮಗಳು ಸಾರಾ ಅಬೂಬಕ್ಕರ್ ಇಡೀ ಕನ್ನಡ ನಾಡಿಗೆ ಪರಿಚಿತರಾದರು. ಊರು ಅವರ ಬರಹಕ್ಕೆ ಅಡ್ಡಿಯಾಗಲಿಲ್ಲ, ಬಂಡವಾಳವಾಯಿತು. ಪ್ರತಿ ವಾಪಸಾತಿಗೂ ‘ನಾವು ಗಡಿನಾಡಿನವರು’ ಎಂಬ ಕಾರಣ ಕೊಟ್ಟುಕೊಂಡರೆ, ತಿದ್ದಬಹುದಾದ ಕತೆಯೂ ತಿದ್ದದೆ ಉಳಿಯುತ್ತದೆ.

ನಮ್ಮ ಊರಿನ ಭಾಷೆಯೇ ಅಡ್ಡಿಯಾಗುತ್ತಿದೆಯೇ? ಬೆಂಗಳೂರಿನ ಕನ್ನಡದಲ್ಲೇ ಬರೆಯಬೇಕೇ?

ಬೇಡ. ಹವ್ಯಕ ಕನ್ನಡ, ತುಳು ಬೆರೆತ ಮಾತು, ಮಲಯಾಳ ಸೋಕಿದ ಪೇಟೆ ಮಾತು, ಇವನ್ನೆಲ್ಲ ಒರಸಿ ಬರೆದ ಕತೆ ಯಾವ ಊರಿನದ್ದೂ ಆಗುವುದಿಲ್ಲ. ಆದರೆ ಯಾವ ಪದ ಘಟ್ಟದ ಮೇಲೆ ಅರ್ಥವಾಗದು, ಯಾವುದು ತಪ್ಪಾಗಿ ಅರ್ಥವಾಗುತ್ತದೆ ಎಂಬುದು ನಿಮಗೆ ಗೊತ್ತಿರಬೇಕು. ಅರ್ಥವಾಗದ ಪದಕ್ಕಿಂತ ತಪ್ಪು ಅರ್ಥ ಕೊಡುವ ಪದವೇ ಹೆಚ್ಚು ಅಪಾಯ. ಓದುಗರು ದಾರಿ ತಪ್ಪಿದ್ದು ಅವರಿಗೇ ತಿಳಿಯುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ‘ಅಂಗಳದಲ್ಲಿ ಹಾಳೆ ಬಿದ್ದಿತ್ತು. ಅಜ್ಜ ಹೆಕ್ಕಿ ತಂದರು.’ ಬದಿಯಡ್ಕದ ಓದುಗರಿಗೆ ಕಾಣುವುದು ಅಡಿಕೆ ಮರದಿಂದ ಕಳಚುವ ಹಾಳೆ. ದಾವಣಗೆರೆಯ ಓದುಗರಿಗೆ ಕಾಣುವುದು ಕಾಗದ. ಅದರಲ್ಲಿ ಏನು ಬರೆದಿತ್ತು ಎಂದು ಅವರು ಕತೆಯುದ್ದಕ್ಕೂ ಕಾಯುತ್ತಾರೆ. ಅಡಿಟಿಪ್ಪಣಿ ಹಾಕಬೇಡಿ, ಆವರಣದಲ್ಲಿ ಅರ್ಥವನ್ನೂ ಕೊಡಬೇಡಿ, ಎರಡೂ ಓದನ್ನು ಕಡಿಯುತ್ತವೆ. ಕೆಲಸವೇ ಅರ್ಥ ಹೇಳಲಿ: ‘ಕಂಗಿನಿಂದ ಹಾಳೆ ಕಳಚಿ ಅಂಗಳಕ್ಕೆ ಬಿತ್ತು. ಅಜ್ಜ ಹೆಕ್ಕಿ, ಸೋಗೆ ಕಡಿದು ಬೇರೆ ಮಾಡಿ, ತಲೆಗಿಡುವ ಮುಟ್ಟಾಳೆಗೆಂದು ನೀರಲ್ಲಿ ನೆನೆಹಾಕಿದರು.’ ಪದ ನಮ್ಮದೇ ಉಳಿಯಿತು, ಓದುಗರೂ ಜೊತೆಗೆ ಬಂದರು.

‘ಸುರಂಗ’ವೂ ಹಾಗೆಯೇ. ಹೊರಗಿನವರಿಗೆ ಅದು ರೈಲಿನ ದಾರಿ ಅಥವಾ ಕೋಟೆಯ ಕಳ್ಳದಾರಿ. ನಮಗೆ ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ನೀರು ತರುವ ದಾರಿ. ಒಮ್ಮೆ ಪಾತ್ರವನ್ನು ಅದರೊಳಗೆ ಬಗ್ಗಿ ನಡೆಸಿ, ಕಾಲಿಗೆ ತಣ್ಣಗೆ ನೀರು ತಾಗಿಸಿ, ಮತ್ತೆ ವಿವರಣೆಯ ಅಗತ್ಯವೇ ಇಲ್ಲ. ಹಟ್ಟಿ (ನಮಗೆ ದನದ್ದು, ಕೆಲವು ಸೀಮೆಗಳಲ್ಲಿ ಜನ ವಾಸಿಸುವ ಕೇರಿ), ಗುಡ್ಡೆ (ನಮಗೆ ಬೆಟ್ಟ, ಬೇರೆಡೆ ರಾಶಿ) ಇವೂ ಇದೇ ಜಾತಿಯವು.

ಮಲಯಾಳದಿಂದ ಬರುವ ಜಾರುಗಲ್ಲುಗಳು ಬೇರೆ. ಶಾಲೆ, ಕಚೇರಿ, ಸುದ್ದಿ ಎಲ್ಲದರಲ್ಲೂ ಮಲಯಾಳ ಕೇಳುವ ನಮಗೆ ಗೊತ್ತಾಗದಂತೆ ಇವು ನುಸುಳುತ್ತವೆ. ಅಲ್ಲಿ ‘ಅವಸರ’ ಎಂದರೆ ಅವಕಾಶ, ಕನ್ನಡದಲ್ಲಿ ತುರ್ತು. ಅಲ್ಲಿ ‘ಉಪನ್ಯಾಸ’ ಎಂದರೆ ಪ್ರಬಂಧ, ಕನ್ನಡದಲ್ಲಿ ಭಾಷಣ. ಅಲ್ಲಿ ‘ಪ್ರಸಂಗ’ ಭಾಷಣ, ಇಲ್ಲಿ ಘಟನೆ ಅಥವಾ ಯಕ್ಷಗಾನದ ಕಥಾನಕ. ಅಲ್ಲಿ ‘ಸಂಸಾರ’ ಮಾತುಕತೆ, ಇಲ್ಲಿ ಕುಟುಂಬ. ಪಾತ್ರದ ಬಾಯಲ್ಲಿ ಬಂದರೆ ಚೆಂದ. ನಿರೂಪಣೆಯಲ್ಲಿ ‘ಅವನಿಗೆ ಅವಸರ ಸಿಗಲಿಲ್ಲ’ ಎಂದು ಬಂದರೆ ಉಪಸಂಪಾದಕರು ಅದನ್ನು ತಪ್ಪು ಕನ್ನಡವೆಂದೇ ಓದುತ್ತಾರೆ. ಕಳಿಸುವ ಮೊದಲು ಈ ನಾಲ್ಕು ಪದಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ ನೋಡಿ. ಜೊತೆಗೆ ಘಟ್ಟದ ಮೇಲಿನ ಒಬ್ಬ ಓದುಗ ಗೆಳೆಯರಿಗೆ ಕೊಟ್ಟು ‘ಎಲ್ಲಿ ನಿಂತಿರಿ?’ ಎಂದಷ್ಟೇ ಕೇಳಿ.

ಕತೆ ಓದಿಸಿಕೊಳ್ಳದೆಯೇ ವಾಪಸ್ ಬರುವುದುಂಟೇ?

ಉಂಟು, ಮತ್ತು ಅದಕ್ಕೆ ಕಾರಣ ಹೆಚ್ಚಾಗಿ ಫೈಲು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಬಾಲ, ಚುಕ್ಕಿ ಅಂಟಿಸಿದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಫೋನಿನಲ್ಲಿ ನೋಡುವ ಸಂಪಾದಕರು ಅಲ್ಲಿಗೇ ಮುಚ್ಚುತ್ತಾರೆ. ಪರೀಕ್ಷೆ ಸುಲಭ: ಫೈಲನ್ನು ನಿಮಗೇ ಇಮೇಲ್ ಮಾಡಿ ಬೇರೊಬ್ಬರ ಫೋನಿನಲ್ಲಿ ತೆರೆಯಿರಿ. ಕನ್ನಡ ಕಂಡರೆ ಅದು ಯೂನಿಕೋಡ್, ಎಂದರೆ ಎಲ್ಲ ಕಡೆಯೂ ಕನ್ನಡವಾಗಿಯೇ ತೆರೆಯುವ ಅಕ್ಷರ ಸಂಕೇತ.

ಕಾಣದಿದ್ದರೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತನ್ನಿ, ಆದರೆ ಆಮೇಲೆ ಸಾಲುಸಾಲಾಗಿ ಓದಲೇಬೇಕು. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ, ಒತ್ತಕ್ಷರ ಬಿಡಿಬಿಡಿಯಾಗಿರುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ದೋಷ, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ. ಎರಡೂ ದುಂಡಗೆ ಒಂದೇ ಥರ ಕಾಣುತ್ತವೆ, ಪುಟ ಕಟ್ಟುವಾಗ ಮಾತ್ರ ಪದ ಒಡೆಯುತ್ತದೆ. ಸೊನ್ನೆ ಅಂಕಿಯನ್ನು ಹುಡುಕಿ, ಪದದೊಳಗೆ ಸಿಕ್ಕಿದ್ದನ್ನೆಲ್ಲ ಬದಲಿಸಿ.

ವರ್ಡ್ ಫೈಲು ಮತ್ತು ಪಿಡಿಎಫ್ ಎರಡನ್ನೂ ಲಗತ್ತಿಸಿ. ಮೊದಲನೆಯದು ಪುಟ ಕಟ್ಟಲು, ಎರಡನೆಯದು ನೀವು ಬರೆದದ್ದು ಹೇಗಿತ್ತೆಂದು ತೋರಿಸಲು. ಫೈಲಿಗೆ ‘ಕತೆ1 ಹೊಸದು’ ಎಂಬ ಹೆಸರು ಬೇಡ. ಕತೆಯ ಹೆಸರು, ನಿಮ್ಮ ಹೆಸರು ಇರಲಿ. ಸ್ಪರ್ಧೆಗಾದರೆ ಉಲ್ಟಾ: ಕತೆಯ ಪುಟಗಳಲ್ಲಿ ಹೆಸರು ಇರಬಾರದು ಎಂಬ ನಿಯಮ ಸಾಮಾನ್ಯ, ಫೈಲಿನ ಹೆಸರಿನಲ್ಲೂ ಅದು ಇರದಂತೆ ನೋಡಿ. ಪತ್ರದಲ್ಲಿ ‘ಸ್ವಂತ ರಚನೆ, ಅನುವಾದವಲ್ಲ, ಬೇರೆಲ್ಲೂ ಪ್ರಕಟವಾಗಿಲ್ಲ’ ಎಂಬ ಸಾಲು, ಪದಸಂಖ್ಯೆ, ವಿಳಾಸ, ಫೋನ್ ಸಂಖ್ಯೆ ಸೇರಿಸಿ. ಫೇಸ್‌ಬುಕ್ಕಿನಲ್ಲಿ ಹಾಕಿದ್ದನ್ನೂ ಹಲವು ಪತ್ರಿಕೆಗಳು ‘ಪ್ರಕಟಿತ’ ಎಂದೇ ಲೆಕ್ಕ ಹಾಕುತ್ತವೆ.

ಅಂಚೆಯಲ್ಲೇ ಕೇಳಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಅದರೊಳಗೇ ಸೇರಿಹೋಗಿದೆ. ಮೂಲಪ್ರತಿಯನ್ನು ಎಂದೂ ಕಳಿಸಬೇಡಿ.

ಒಂದೇ ಕತೆಯನ್ನು ಎರಡು ಕಡೆ ಕಳಿಸಬಹುದೇ?

ಕನ್ನಡದ ರೂಢಿಯಲ್ಲಿ ಇಲ್ಲ. ಎರಡೂ ಕಡೆ ಒಂದೇ ವಾರ ಅಚ್ಚಾದರೆ ಎರಡೂ ಬಾಗಿಲು ಮುಚ್ಚುತ್ತವೆ. ಒಂದು ಕತೆ ಒಂದು ಕಡೆ ಇರುವಾಗ ಇನ್ನೊಂದು ಕತೆ ಇನ್ನೊಂದು ಕಡೆ ಇರಲಿ. ಸದಾ ಮೂರು ಬರಹ ಹೊರಗಿದ್ದರೆ ಒಂದರ ವಾಪಸಾತಿ ಅಷ್ಟು ಚುಚ್ಚುವುದಿಲ್ಲ.

ಇದಕ್ಕೆ 100 ಪುಟದ ಒಂದು ನೋಟ್‌ಪುಸ್ತಕ ಸಾಕು. ಬರಹದ ಹೆಸರು, ಪದಸಂಖ್ಯೆ, ಎಲ್ಲಿಗೆ, ಕಳಿಸಿದ ದಿನ, ಜ್ಞಾಪನೆಯ ದಿನ, ಉತ್ತರ, ಮುಂದೆ ಎಲ್ಲಿಗೆ: ಒಟ್ಟು ಏಳು ಕಾಲಂ. ಕೊನೆಯ ಕಾಲಮನ್ನು ಕಳಿಸುವ ದಿನವೇ ತುಂಬಿಸಬೇಕು, ಇದು ಮುಖ್ಯ. ವಾಪಸ್ ಬಂದ ದಿನ ಯಾರಿಗೂ ಮುಂದಿನ ದಾರಿ ಹೊಳೆಯುವುದಿಲ್ಲ. ಮೊದಲೇ ಬರೆದಿಟ್ಟಿದ್ದರೆ ಯೋಚಿಸುವ ಭಾರ ಇರುವುದಿಲ್ಲ.

ಎಷ್ಟು ಬಾರಿ ತಿದ್ದಬೇಕು? ಯಾವಾಗ ಬಿಡಬೇಕು?

ಒಂದು ಕಡೆಯಿಂದ ವಾಪಸ್ ಬಂದರೆ ತಪ್ಪುಗಳನ್ನಷ್ಟೇ ತಿದ್ದಿ ಮುಂದೆ ಕಳಿಸಿ. ಮೂರು ಕಡೆಯಿಂದ ಬಂದರೆ ಕತೆಯನ್ನೇ ಬಿಚ್ಚಿ ನೋಡಿ. ಮೊದಲು ಕೊನೆಯ ಪ್ಯಾರಾ ಮುಚ್ಚಿ ಓದಿ: ಕತೆಯ ಅರ್ಥವನ್ನು ಬಿಡಿಸಿ ಹೇಳುವುದಷ್ಟೇ ಅದರ ಕೆಲಸವಾಗಿದ್ದರೆ ತೆಗೆಯಿರಿ. ಆಮೇಲೆ ಆರಂಭ. ಬೆಳಗಾಗುವುದು, ಬಸ್ಸು ಹತ್ತುವುದು, ಕಿಟಕಿಯಿಂದ ನೋಡುತ್ತ ಹಳೆಯದನ್ನು ನೆನೆಯುವುದು, ಇವು ಮುಗಿದು ಕತೆ ನಿಜವಾಗಿ ಶುರುವಾಗುವ ಸಾಲಿಗೆ ಗುರುತು ಹಾಕಿ. ಅದು ಎರಡನೆಯ ಪುಟದಲ್ಲಿದ್ದರೆ ಮೊದಲ ಪುಟ ಬೇಕಿಲ್ಲ. 2,400 ಪದವನ್ನು 1,800ಕ್ಕೆ ಇಳಿಸಬೇಕಾದಾಗ ಪ್ರತಿ ಸಾಲಿನಿಂದ ಒಂದೊಂದು ಪದ ಕೀಳಬೇಡಿ, ಭಾಷೆ ಬಡಕಲಾಗುತ್ತದೆ. ಒಂದು ಇಡೀ ದೃಶ್ಯವನ್ನೋ ಒಂದು ಪಾತ್ರವನ್ನೋ ತೆಗೆಯಿರಿ.

ಆರು ಕಡೆಯಿಂದ ಬಂದರೆ ಒಂದು ವರ್ಷ ಒಳಗಿಡಿ. ಪ್ರತಿ ಸಲ ಬೇರೆಬೇರೆಯವರ ಮಾತು ಕೇಳಿ ತಿದ್ದಿದ ಕತೆ ಕೊನೆಗೆ ಯಾರ ದನಿಯೂ ಇಲ್ಲದ್ದಾಗುತ್ತದೆ. ಹಾಗಾಗಿ ಪ್ರತಿ ತಿದ್ದುಪಡಿಗೂ ತಾರೀಕು ಹಾಕಿದ ಬೇರೆ ಫೈಲು ಇರಲಿ. ಎರಡನೆಯ ಕರಡೇ ಉತ್ತಮವಾಗಿತ್ತು ಎಂದು ಆಮೇಲೆ ಅನಿಸುವುದು ಸಾಮಾನ್ಯ.

ಮಲಯಾಳದಿಂದ ಅನುವಾದಿಸಿದ್ದು ವಾಪಸ್ ಬಂತು. ಏಕೆ?

ಮೊದಲ ಅನುಮಾನ ಅನುಮತಿಪತ್ರದ ಮೇಲೆ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಕುಮಾರನ್ ಆಶಾನ್ 1924ರಲ್ಲಿ ತೀರಿಕೊಂಡವರು, ಅವರ ಕವನಕ್ಕೆ ಯಾರನ್ನೂ ಕೇಳಬೇಕಿಲ್ಲ. ವೈಕಂ ಮುಹಮ್ಮದ್ ಬಷೀರ್ 1994ರಲ್ಲಿ ತೀರಿಕೊಂಡರು, 2054 ಮುಗಿಯುವವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಅನುಮತಿಯ ಪ್ರತಿ ಲಗತ್ತಿಸಿದರೆ ಸಂಪಾದಕರ ಅರ್ಧ ಹಿಂಜರಿಕೆ ಹೋಗುತ್ತದೆ. ಎರಡು ಭಾಷೆ ಬಲ್ಲ ಕಾಸರಗೋಡಿನವರಿಗೆ ಅನುವಾದ ದೊಡ್ಡ ಬಾಗಿಲು, ಕಾಗದ ಸರಿಯಿಲ್ಲದೆ ಅದನ್ನು ಕಳೆದುಕೊಳ್ಳಬಾರದು.

ಪ್ರಕಾಶಕರು ‘ನೀವೇ ದುಡ್ಡು ಹಾಕಿ’ ಎನ್ನುತ್ತಾರೆ. ಒಪ್ಪಬೇಕೇ?

ಅದು ಮೋಸವೇನಲ್ಲ, ಆದರೆ ಪ್ರಕಾಶನವೂ ಅಲ್ಲ. ಮುದ್ರಣ ಸೇವೆ ಎಂದು ತಿಳಿದು ಲೆಕ್ಕ ಕೇಳಿ. ಡೆಮಿ 1/8 ಅಳತೆಯ ಪುಸ್ತಕಕ್ಕೆ 16 ಪುಟ ಒಂದು ಫಾರಂ (ಒಟ್ಟಿಗೆ ಅಚ್ಚಾಗಿ ಮಡಚುವ ಒಂದು ಕಟ್ಟು). 112 ಪುಟವೆಂದರೆ 7 ಫಾರಂ ಸರಿಯಾಗಿ ಕೂರುತ್ತದೆ, 115 ಪುಟಕ್ಕೆ ಎಂಟನೆಯ ಫಾರಂ ಒಡೆಯಬೇಕು. ಕಾಗದದ ತೂಕ, ರಕ್ಷಾಪುಟ, ಬೈಂಡಿಂಗ್, ಪ್ರತಿಗಳ ಸಂಖ್ಯೆ ಒಂದೊಂದಾಗಿ ಬರಹದಲ್ಲಿ ಪಡೆಯಿರಿ. ಮೊದಲ ಪುಸ್ತಕಕ್ಕೆ 1,000 ಪ್ರತಿ ಬೇಡ. ಬೇಕಾದಷ್ಟೇ ಮುದ್ರಿಸುವ ಡಿಜಿಟಲ್ ವ್ಯವಸ್ಥೆಯಲ್ಲಿ 100 ಪ್ರತಿಯಿಂದ ಶುರುಮಾಡಬಹುದು. ಒಂದಕ್ಕೆ ದರ ಹೆಚ್ಚಾದರೂ ಅಟ್ಟದಲ್ಲಿ ಗೆದ್ದಲು ಹಿಡಿಯುವ ಕಟ್ಟುಗಳು ಉಳಿಯುವುದಿಲ್ಲ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತು ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಅದಕ್ಕೆಂದು ಹಣ ಕೇಳಿದರೆ ಪ್ರಶ್ನಿಸಿ.

ಹಕ್ಕು ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅವಧಿ ನೋಡಿ. ಅವಧಿ ಬರೆದಿಲ್ಲದಿದ್ದರೆ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ 5 ವರ್ಷ ಎಂದು ಭಾವಿಸಲಾಗುತ್ತದೆ.

ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಆ ವರ್ಷದ ಪ್ರಕಟಣೆಯಲ್ಲಿ ವಯಸ್ಸು, ವಾಸಸ್ಥಳದ ಷರತ್ತು ಓದಿಯೇ ಅರ್ಜಿ ಹಾಕಿ.

ಮನೆಯಲ್ಲಿ ‘ಬರೆದು ಎಂತ ಸಿಕ್ಕಿತು?’ ಎನ್ನುತ್ತಾರೆ.

ವಾದ ಬೇಡ. ಬರೆಯುವ ಹೊತ್ತನ್ನು ಮನೆಯವರಿಗೆ ಮೊದಲೇ ಹೇಳಿ, ಉದಾಹರಣೆಗೆ ಬೆಳಗ್ಗೆ 5ರಿಂದ 6. ಆ ಹೊತ್ತನ್ನು ನೀವೂ ಮೀರಬೇಡಿ. ಅವರಿಗೆ ಬೇಸರ ಬರಹದ ಮೇಲಲ್ಲ, ಹೊತ್ತುಗೊತ್ತಿಲ್ಲದ ಗೈರುಹಾಜರಿಯ ಮೇಲೆ. ವಾಪಸ್ ಬಂದದ್ದನ್ನೆಲ್ಲ ಮನೆಯಲ್ಲಿ ವರದಿ ಮಾಡಬೇಕಿಲ್ಲ. ಬರೆಯುವ ಇಬ್ಬರು ಗೆಳೆಯರಿದ್ದರೆ ಅವರಿಗೆ ಹೇಳಿ.

ವಾರಗಳು ಕಳೆದರೂ ಮನಸ್ಸು ಏಳುತ್ತಿಲ್ಲ.

ಎರಡು ವಾರ ದಾಟಿಯೂ ನಿದ್ದೆ, ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ, ಅದು ಕತೆಯ ವಿಷಯವಲ್ಲ, ಆರೋಗ್ಯದ ವಿಷಯ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಶುಲ್ಕವಿಲ್ಲ. ಕೇರಳದಿಂದ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬೇಕು ಎಂದು ಕೇಳಬಹುದು.

ಕತೆ ಸ್ವೀಕೃತವಾಯಿತು. ಈಗ?

ಅದೇ ದಿನ ನೋಟ್‌ಪುಸ್ತಕ ತೆರೆಯಿರಿ. ಅದೇ ಕತೆ ಹಿಂದೆ ಹೋಗಿ, ಉತ್ತರ ಬಾರದೆ, ಹಿಂಪಡೆದ ಪತ್ರವನ್ನೂ ಕಳಿಸದೆ ಉಳಿದ ಜಾಗವಿದ್ದರೆ ಈಗಲೇ ಒಂದು ಸಾಲು ಬರೆಯಿರಿ: ‘ಇಂಥ ತಾರೀಕಿಗೆ ಕಳುಹಿಸಿದ ಕತೆಯನ್ನು ಹಿಂಪಡೆಯುತ್ತಿದ್ದೇನೆ, ದಯವಿಟ್ಟು ಪರಿಗಣಿಸಬೇಡಿ.’ ಅಚ್ಚಾದ ಸಂಚಿಕೆಯ ಎರಡು ಪ್ರತಿ ತೆಗೆದಿಡಿ. ಸಂಭಾವನೆಗೆ ಬ್ಯಾಂಕ್ ವಿವರ ಕೇಳಿದರೆ ಖಾತೆಯಲ್ಲಿರುವ ಹೆಸರನ್ನೇ ಕೊಡಿ. ಕಾವ್ಯನಾಮದಲ್ಲಿ ಬರೆದು ಆ ಹೆಸರನ್ನೇ ಕೊಟ್ಟರೆ ಹಣ ವಾಪಸ್ ಹೋಗುವುದುಂಟು.